ಹಿಡಿಯುವುದು ಮತ್ತು ಬಿಡುವುದು: ಶೇಗಡಿಯ ಕೆಂಡ, ರಕ್ತದ ಕಬ್ಬಿಣ



ಈ ಸಲದ ಪಾಠದ ಪುಟಕ್ಕೆ ನಾವು ಆರಿಸಿಕೊಂಡ ವಿಷಯ ಕಾಲೇಜಿನ ರಸಾಯನಶಾಸ್ತ್ರದ್ದು. ಒಂದು ಅಣು ಇನ್ನೊಂದನ್ನು ಹೇಗೆ ಹಿಡಿದುಕೊಳ್ಳುತ್ತದೆ, ಹೇಗೆ ಬಿಡುತ್ತದೆ ಎಂಬುದು. ಸಾರು, ಪಲ್ಯ, ಲೆಕ್ಕಪತ್ರಗಳ ನಡುವೆ ಇದು ಯಾಕೆ ಬಂತು ಎಂದು ಕೇಳುವವರು ಇದ್ದಾರೆ. ಕಳೆದ ಬಾರಿ ಎಣ್ಣೆಯ ಬಗ್ಗೆ ಬರೆದಾಗಲೂ ಕೇಳಿದ್ದರು. ಆದರೆ ಚಳಿಗಾಲದ ಲಗ್ನದ ಸೀಸನ್ ಬಂದಿದೆ. ನಮ್ಮ ಹುಡುಗರು ಈ ಎರಡು ತಿಂಗಳು ಯಾವ ಯಾವುದೋ ಲಾನ್, ಕಾರ್ಯಾಲಯ, ಫಾರ್ಮ್‌ಹೌಸ್‌ಗಳ ಹಿಂದಿನ ಸ್ಟೋರ್ ರೂಮಿನಲ್ಲಿ ಮಲಗುತ್ತಾರೆ. ಚಳಿ ತಡೆಯಲಾರದೆ ಒಳಗೆ ಏನು ಇಟ್ಟುಕೊಳ್ಳುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಊರಲ್ಲಿ ಅಗ್ಗಿಷ್ಟಿಕೆ ಎನ್ನುತ್ತೇವೆ, ದಿಲ್ಲಿಯವರು ಅಂಗೀಠಿ ಎನ್ನುತ್ತಾರೆ, ಪುಣೆ ಮುಂಬಯಿಯಲ್ಲಿ ಶೇಗಡಿ. ಹೆಸರು ಯಾವುದಾದರೂ ಒಳಗಿನ ಕೆಂಡ ಒಂದೇ.

2023ರ ಜನವರಿಯಲ್ಲಿ ನಮ್ಮ ತಂಡದಲ್ಲೇ ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಪುಣೆಯ ಹೊರವಲಯದ ಒಂದು ಲಾನ್‌ನಲ್ಲಿ ರಿಸೆಪ್ಶನ್ ಇತ್ತು. ಪನೀರ್ ಟಿಕ್ಕಾ ಕೌಂಟರ್ ಮುಗಿದಾಗ ರಾತ್ರಿ ಹನ್ನೆರಡೂವರೆ. ಬೆಳಿಗ್ಗೆ ಅಲ್ಲೇ ಉಪಾಹಾರದ ಆರ್ಡರ್ ಇದ್ದುದರಿಂದ ನಾಲ್ವರು ಹುಡುಗರು ಹಿಂದಿನ ಕೋಣೆಯಲ್ಲಿ ಮಲಗಿದರು. ಟಿಕ್ಕಾ ಕೌಂಟರಿನ ಶೇಗಡಿಯಲ್ಲಿ ಕೆಂಡ ಇನ್ನೂ ಚೆನ್ನಾಗಿತ್ತು. ಹೊಗೆ ಇಲ್ಲ, ವಾಸನೆ ಇಲ್ಲ, ಮೇಲೆ ತೆಳ್ಳಗೆ ಬೂದಿ. ಒಳಗೆ ಎತ್ತಿಟ್ಟುಕೊಂಡು ಬಾಗಿಲು ಮುಚ್ಚಿದರು. ಪಕ್ಕದಲ್ಲಿ ಒಂದು ಬಕೆಟ್ ನೀರನ್ನೂ ಇಟ್ಟಿದ್ದರು, ಗಾಳಿ ಕೆಡಬಾರದೆಂದು.

ನಮ್ಮ ಭಟ್ಟರು ಐದು ಗಂಟೆಗೆ ಬಾಗಿಲು ಬಡಿದಾಗ ಯಾರೂ ಎದ್ದು ಬರಲಿಲ್ಲ. ಚಿಲಕ ಸಡಿಲವಾಗಿದ್ದುದು ಪುಣ್ಯ. ಒಬ್ಬ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ್ದ. ಇನ್ನಿಬ್ಬರು ಏಳುವುದಕ್ಕೆ ಹೋಗಿ ಕುಸಿದರು. "ಅಣ್ಣಾ, ತಲೆ ಸಿಡೀತಾ ಇದೆ, ಕಾಲು ಎತ್ತೋಕಾಗ್ತಿಲ್ಲ" ಎಂದ ಒಬ್ಬ. ಪಾತ್ರೆ ತೊಳೆಯುವ ಹತ್ತೊಂಬತ್ತು ವರ್ಷದ ಹುಡುಗ ಮಾತ್ರ ಎಬ್ಬಿಸಿದರೂ ಏಳಲಿಲ್ಲ.

ನಮಗೆ ಮೊದಲು ಹೊಳೆದದ್ದೇನು ಗೊತ್ತೇ? ರಾತ್ರಿ ಉಳಿದ ಬಾಸುಂದಿ. ನಾಲ್ವರೂ ತಿಂದಿದ್ದರು. ನಾನೂರು ಅತಿಥಿಗಳೂ ತಿಂದಿದ್ದರು. ನಮ್ಮ ಕೈಕಾಲು ತಣ್ಣಗಾಯಿತು. ಹುಡುಗರಿಗೆ ನಿಂಬೆ ನೀರು ಕುಡಿಸಿದೆವು, ಯಜಮಾನರ ಮನೆಗೆ ಫೋನ್ ಮಾಡಿ ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ ಎಂದು ಮೆಲ್ಲಗೆ ವಿಚಾರಿಸಿದೆವು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಭಟ್ಟರ ಚೀಲದಲ್ಲಿತ್ತು. ಏಳದ ಹುಡುಗನ ಬೆರಳಿಗೆ ಹಾಕಿದರೆ 98 ತೋರಿಸಿತು. ಆಕ್ಸಿಜನ್ ಚೆನ್ನಾಗಿದೆಯಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು. ಈ ಎಲ್ಲ ಗಡಿಬಿಡಿಯಲ್ಲಿ ನಲವತ್ತು ನಿಮಿಷ ಕಳೆದೆವು. ಆ 98 ಸುಳ್ಳು ಎಂದು ಗೊತ್ತಾದದ್ದು ಆಸ್ಪತ್ರೆಗೆ ಹೋದ ಮೇಲೆ. ಯಾಕೆ ಸುಳ್ಳು ಎಂಬುದನ್ನು ತಿಳಿಯಲು ಪಾಠದ ದಾರಿಯಲ್ಲೇ ಹೋಗಬೇಕು.

ಬೇಳೆಯಿಂದ ಶುರು ಮಾಡೋಣ

ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬುದು ನಮಗೆಲ್ಲ ಅನುಭವದ ಮಾತು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುತ್ತವೆ. ಇವು ನೀರಿನಲ್ಲಿ ಅಯಾನುಗಳಾಗಿ, ಅಂದರೆ ವಿದ್ಯುತ್ ಅಂಶ ಹೊತ್ತ ಕಣಗಳಾಗಿ ಓಡಾಡುತ್ತವೆ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತು ಪೆಕ್ಟಿನ್. ಅದರ ಎಳೆಗಳ ಮೇಲೆ ಋಣ ಅಂಶವಿದೆ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ಅಂಶ, ಅಂದರೆ ಎರಡು ಕೈ ಇದ್ದ ಹಾಗೆ. ಒಂದು ಕೈಯಲ್ಲಿ ಒಂದು ಎಳೆ, ಇನ್ನೊಂದರಲ್ಲಿ ಪಕ್ಕದ ಎಳೆ ಹಿಡಿದು ಹೊಲಿಗೆ ಹಾಕಿದಂತೆ ಬಿಗಿದುಬಿಡುತ್ತದೆ. ಉಪ್ಪು ಹಾಕಿ ನೆನೆಸಿದರೆ ಕಾಳು ಬೇಗ ಬೇಯುವುದು ಇದಕ್ಕೇ. ಉಪ್ಪಿನ ಸೋಡಿಯಂಗೆ ಒಂದೇ ಕೈ, ಆದರೆ ಸಂಖ್ಯೆ ಬಹಳ. ಕ್ಯಾಲ್ಸಿಯಂ ಒಮ್ಮೆ ಕೈ ಬಿಟ್ಟಾಗ ಆ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ, ಹೊಲಿಗೆ ಬಿಚ್ಚುತ್ತದೆ. ಅಡುಗೆ ಸೋಡಾ ಹಾಕಿದರೂ ಬೇಳೆ ಕರಗುತ್ತದೆ, ಆದರೆ ಅದು ಬಿ1 ಜೀವಸತ್ವವನ್ನೂ ಕೆಡಿಸುತ್ತದೆ. ಹಾಗಾಗಿ ನಾವು ಅದರ ಪರವಲ್ಲ.

ಇಲ್ಲಿ ಗಮನಿಸಬೇಕಾದದ್ದು, ಕ್ಯಾಲ್ಸಿಯಂ ಹಿಡಿದದ್ದನ್ನು ಎಂದೆಂದಿಗೂ ಹಿಡಿದೇ ಇರುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನಮ್ಮ ದೇಹದೊಳಗೂ ಲೆಕ್ಕವಿಲ್ಲದಷ್ಟು ಕಡೆ ಇದೇ ವ್ಯವಹಾರ ನಡೆದಿರುತ್ತದೆ. ಅದು ಯಾವ ಲೆಕ್ಕದಲ್ಲಿ ನಡೆಯುತ್ತದೆ ಎಂದು ತಿಳಿಯಲು ನಮ್ಮವರಿಗೆ ಪಂಕ್ತಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನೂರು ಎಲೆಯ ಪಂಕ್ತಿ ಎಂದಿಟ್ಟುಕೊಳ್ಳಿ. ಯಾವುದೇ ಕ್ಷಣದಲ್ಲಿ ಎಷ್ಟು ಎಲೆ ತುಂಬಿದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಹೊರಗೆ ಎಷ್ಟು ಜನ ಕಾದಿದ್ದಾರೆ. ಇನ್ನೊಂದು, ಕುಳಿತವರು ಎಷ್ಟು ಹೊತ್ತಿಗೆ ಏಳುತ್ತಾರೆ. ಹೊರಗೆ ಜನಸಂದಣಿ ಇದ್ದರೆ ಎಲೆ ಖಾಲಿ ಉಳಿಯುವುದಿಲ್ಲ. ಹೊರಗೆ ಇಬ್ಬರೇ ಇದ್ದು ಕುಳಿತವರು ಬೇಗ ಎದ್ದರೆ ಪಂಕ್ತಿ ಅರ್ಧ ಖಾಲಿ. ಅಣುಗಳ ಲೋಕದಲ್ಲೂ ಇಷ್ಟೇ. ಕಾದಿರುವ ಜನ ಎಂದರೆ ಸಾಂದ್ರತೆ. ಏಳುವ ವೇಗ ಎಂದರೆ ಬಂಧ ಎಷ್ಟು ಗಟ್ಟಿ ಎಂಬುದು. ಪುಸ್ತಕದಲ್ಲಿ ಇದಕ್ಕೆ ಸಮತೋಲನ ಎಂದು ಹೆಸರು. ಸಮತೋಲನ ಎಂದರೆ ಎಲ್ಲರೂ ಸುಮ್ಮನೆ ಕುಳಿತಿದ್ದಾರೆ ಎಂದಲ್ಲ. ಕೂರುವವರ ಸಂಖ್ಯೆ ಮತ್ತು ಏಳುವವರ ಸಂಖ್ಯೆ ಸರಿಹೋಗಿದೆ ಎಂದಷ್ಟೇ.

ರಕ್ತದ ಪಂಕ್ತಿ

ಈಗ ರಕ್ತಕ್ಕೆ ಬರೋಣ. ಕೆಂಪು ರಕ್ತಕಣದೊಳಗೆ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ತುಂಬಿದೆ. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಪ್ರತಿ ಅಣುವಿಗೆ ನಾಲ್ಕು ತುಂಡುಗಳು, ಒಂದೊಂದು ತುಂಡಿನಲ್ಲಿ ಹೀಮ್ ಎಂಬ ಚಪ್ಪಟೆ ತಟ್ಟೆ, ತಟ್ಟೆಯ ನಡುವೆ ಒಂದು ಕಬ್ಬಿಣದ ಅಯಾನು. ಆಮ್ಲಜನಕ ಬಂದು ಕೂರುವ ಜಾಗ ಈ ಕಬ್ಬಿಣ. ಅಂದರೆ ಒಂದು ಅಣು ಎಂದರೆ ನಾಲ್ಕು ಎಲೆಯ ಪುಟ್ಟ ಪಂಕ್ತಿ.

ಶ್ವಾಸಕೋಶದಲ್ಲಿ ಆಮ್ಲಜನಕದ ಸಂದಣಿ ಹೆಚ್ಚು. ಅಲ್ಲಿ ನೂರರಲ್ಲಿ 97, 98 ಎಲೆ ತುಂಬುತ್ತದೆ. ರಕ್ತ ಕೈಕಾಲು, ಮಿದುಳು, ಹೃದಯದ ಕಡೆ ಹೋದಾಗ ಅಲ್ಲಿ ಸಂದಣಿ ಕಡಿಮೆ, ಹಾಗಾಗಿ ಆಮ್ಲಜನಕ ಎದ್ದು ಹೋಗುತ್ತದೆ. ವಿಶ್ರಾಂತಿಯಲ್ಲಿರುವಾಗ ಸುಮಾರು ಕಾಲುಭಾಗ ಇಳಿಯುತ್ತದೆ, 75ರಷ್ಟು ಉಳಿದುಕೊಂಡು ವಾಪಸು ಬರುತ್ತದೆ. ನಾವು ಒಲೆಯ ಮುಂದೆ ದುಡಿಯುವಾಗ ಇನ್ನೂ ಹೆಚ್ಚು ಇಳಿಯುತ್ತದೆ. ಕೆಲಸ ಮಾಡುವ ಸ್ನಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲ ಹೆಚ್ಚಿರುತ್ತವೆ, ಅವು ಹಿಮೋಗ್ಲೋಬಿನ್ನಿನ ಹಿಡಿತವನ್ನು ಸಡಿಲ ಮಾಡುತ್ತವೆ. ಇದನ್ನು 1904ರಲ್ಲಿ ಕೋಪನ್‌ಹೇಗನ್ನಿನಲ್ಲಿ ತೋರಿಸಿದವರು ಕ್ರಿಶ್ಚಿಯನ್ ಬೋರ್ ಮತ್ತು ಅವರ ಜೊತೆಗಾರರು. ಪರಮಾಣುವಿನ ವಿಷಯದಲ್ಲಿ ಹೆಸರು ಮಾಡಿದ ನೀಲ್ಸ್ ಬೋರ್ ಅವರ ಮಗ.

ನಾಲ್ಕು ಎಲೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದಿದ್ದರೆ ಇಷ್ಟು ಚೆನ್ನಾಗಿ ತುಂಬಿ ಖಾಲಿಯಾಗುತ್ತಿರಲಿಲ್ಲ. ಒಂದು ಎಲೆಗೆ ಆಮ್ಲಜನಕ ಕುಳಿತರೆ ಇಡೀ ಅಣುವಿನ ಆಕಾರ ಸ್ವಲ್ಪ ತಿರುಗಿ ಉಳಿದ ಮೂರೂ ಎಲೆಗಳ ಹಿಡಿತ ಬಿಗಿಯಾಗುತ್ತದೆ. ಒಂದು ಎದ್ದರೆ ಉಳಿದವೂ ಸಡಿಲಾಗುತ್ತವೆ. ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರುಟ್ಜ್ ಕುದುರೆಯ ಹಿಮೋಗ್ಲೋಬಿನ್ ಹಿಡಿದುಕೊಂಡು 1937ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಕೂತು ಅದರ ಆಕಾರ ಬಿಡಿಸಿದರು. 1962ರಲ್ಲಿ ಅವರಿಗೂ ಜಾನ್ ಕೆಂಡ್ರೂ ಅವರಿಗೂ ನೊಬೆಲ್ ಬಂತು. ಒಂದೇ ಪದಾರ್ಥದ ಹಿಂದೆ ಅಷ್ಟು ವರ್ಷ ಬೀಳುವವರು ನಮ್ಮ ಕಸುಬಿನಲ್ಲೂ ಇದ್ದಾರೆ, ಅವರಿಗೆ ಇದು ಅರ್ಥವಾದೀತು.

ಒಟ್ಟಿನಲ್ಲಿ ಹಿಮೋಗ್ಲೋಬಿನ್ನಿನ ಹೆಚ್ಚುಗಾರಿಕೆ ಹಿಡಿಯುವುದರಲ್ಲಿ ಮಾತ್ರ ಇಲ್ಲ. ಶ್ವಾಸಕೋಶದಲ್ಲಿ ಹಿಡಿದದ್ದನ್ನು ಬೇಕಾದ ಜಾಗದಲ್ಲಿ ಬಿಟ್ಟುಕೊಡುತ್ತದಲ್ಲ, ಅದರಲ್ಲಿದೆ.

ಎದ್ದೇಳದ ಅತಿಥಿ

ಕೆಂಡ ಉಸಿರಾಡುವ ಅನಿಲ ಕಾರ್ಬನ್ ಮಾನಾಕ್ಸೈಡ್. ಒಂದು ಇಂಗಾಲ, ಒಂದು ಆಮ್ಲಜನಕ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ಗ್ಯಾಸ್ ಸಿಲಿಂಡರಿನ ಅನಿಲಕ್ಕೂ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದು ಕೆಟ್ಟ ವಾಸನೆಯ ವಸ್ತು ಬೆರೆಸುತ್ತಾರೆ. ಕೆಂಡಕ್ಕೆ ಹಾಗೆ ಬೆರೆಸುವವರು ಯಾರೂ ಇಲ್ಲ.

ಇದು ಹೀಮ್‌ನ ಕಬ್ಬಿಣದ ಮೇಲೆ, ಆಮ್ಲಜನಕ ಕೂರುವ ಅದೇ ಎಲೆಯ ಮುಂದೆ ಕೂರುತ್ತದೆ. ಇದರ ಹಿಡಿತ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಹೆಚ್ಚು ಎಂದು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಅದನ್ನು ಓದಿದವರು ಈ ಅನಿಲ ಓಡಿಬಂದು ಆಮ್ಲಜನಕವನ್ನು ತಳ್ಳಿ ಕೂರುತ್ತದೆ ಎಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ನಿಜ ಸಂಗತಿ ಬೇರೆ. ಎಲೆ ಖಾಲಿ ಇದ್ದಾಗ ಬೇಗ ಬಂದು ಕೂರುವುದು ಆಮ್ಲಜನಕವೇ. ಕಾರ್ಬನ್ ಮಾನಾಕ್ಸೈಡ್ ಕೂರುವುದರಲ್ಲಿ ಅದಕ್ಕಿಂತ ನಿಧಾನ. ವ್ಯತ್ಯಾಸವೆಲ್ಲ ಏಳುವುದರಲ್ಲಿ. ಆಮ್ಲಜನಕ ಒಂದು ಸೆಕೆಂಡಿನಲ್ಲೇ ಹಲವು ಬಾರಿ ಎದ್ದು ಕೂತು ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಏಳುವುದು ಅದಕ್ಕಿಂತ ಸುಮಾರು ಸಾವಿರ ಪಟ್ಟಿನ ಲೆಕ್ಕದಲ್ಲಿ ನಿಧಾನ. ಉಂಡ ಮೇಲೂ ಎಲೆ ಬಿಡದೆ ಮಾತಾಡುತ್ತ ಕೂರುವ ಅತಿಥಿ ಪಂಕ್ತಿಗೆ ಒಬ್ಬಿಬ್ಬರು ಬಂದರೆ ನಡೆಯುತ್ತದೆ. ಹತ್ತು ನಿಮಿಷಕ್ಕೊಬ್ಬರಂತೆ ಬರುತ್ತಲೇ ಇದ್ದು ಯಾರೂ ಏಳದಿದ್ದರೆ? ತಳ್ಳಾಟವಿಲ್ಲ, ಗಲಾಟೆಯಿಲ್ಲ, ಕೊನೆಗೆ ನೋಡಿದರೆ ಪಂಕ್ತಿಯೆಲ್ಲ ಅವರೇ.

ಲೆಕ್ಕ ನೋಡಿ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21. ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 0.1, ಅಂದರೆ ಸಾವಿರದಲ್ಲಿ ಒಂದು ಪಾಲು ಸೇರಿತು ಎನ್ನಿ. ಒಂದಕ್ಕೆ 210 ಆಮ್ಲಜನಕ ಕಾದಿದ್ದಾವೆ, ಆದರೆ ಆ ಒಂದರ ಹಿಡಿತವೂ ಅಷ್ಟೇ ಪಟ್ಟು. ಹೀಗೇ ಗಂಟೆಗಟ್ಟಲೆ ಉಸಿರಾಡಿದರೆ ಕೊನೆಗೆ ಸುಮಾರು ಅರ್ಧ ಎಲೆಗಳು ಅದರ ಪಾಲಾಗುತ್ತವೆ. ಸಾವು ಅಲ್ಲಿಂದ ದೂರವಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯಲ್ಲಿ ಸಾವಿರದ ಒಂದು ಪಾಲು ಎಂದರೆ ಸುಮಾರು 28 ಲೀಟರ್ ಅನಿಲ. ಅದಕ್ಕೆ ಬೇಕಾದ ಇಂಗಾಲ 14 ಗ್ರಾಂ. ನಮ್ಮ ಶೇಗಡಿಗೆ ಎರಡು ಕಿಲೋ ಇದ್ದಿಲು ಸುರಿಯುತ್ತೇವೆ.

ಇಷ್ಟರಲ್ಲೇ ಮುಗಿಯುವುದಿಲ್ಲ. ರಕ್ತಹೀನತೆಯಿಂದ ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದ ಮನುಷ್ಯ ಸುಸ್ತಾದರೂ ಎದ್ದು ಓಡಾಡುತ್ತಾನೆ. ಅರ್ಧ ಎಲೆಗಳನ್ನು ಕಾರ್ಬನ್ ಮಾನಾಕ್ಸೈಡ್ ಹಿಡಿದ ಮನುಷ್ಯ ನೆಲಕ್ಕೆ ಬಿದ್ದಿರುತ್ತಾನೆ. ಖಾಲಿ ಎಲೆಗಳ ಲೆಕ್ಕ ಒಂದೇ, ಪರಿಣಾಮ ಯಾಕೆ ಬೇರೆ? ಹಿಂದೆ ಹೇಳಿದ ನಾಲ್ಕು ಎಲೆಯ ಸಂಬಂಧ ನೆನಪಿಸಿಕೊಳ್ಳಿ. ಏಳದ ಅತಿಥಿ ಒಬ್ಬ ಕುಳಿತರೆ ಅಣು ಬಿಗಿ ಹಿಡಿತದ ಆಕಾರದಲ್ಲೇ ಉಳಿಯುತ್ತದೆ. ಪಕ್ಕದ ಮೂರು ಎಲೆಗಳಲ್ಲಿರುವ ಆಮ್ಲಜನಕವೂ ಮಿದುಳಿನ ಬಾಗಿಲಿಗೆ ಹೋದರೂ ಇಳಿಯದೆ ವಾಪಸು ಬರುತ್ತದೆ. ಸರಕು ಗಾಡಿಯಲ್ಲೇ ಇದೆ, ಹಾಲ್‌ಗೆ ಇಳಿದಿಲ್ಲ.

ಇನ್ನೊಂದು ವಿಚಿತ್ರ ಸಂಗತಿ. ಹೀಮ್ ತಟ್ಟೆಯನ್ನು ಪ್ರೋಟೀನಿನಿಂದ ಬಿಡಿಸಿ ಹೊರಗೆ ಇಟ್ಟರೆ ಅದು ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕಕ್ಕಿಂತ ಸುಮಾರು 20,000 ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. ಪ್ರೋಟೀನಿನೊಳಗೆ ಕಬ್ಬಿಣದ ಎದುರಿಗೆ ಹಿಸ್ಟಿಡಿನ್ ಎಂಬ ಅಂಶವೊಂದು ಕುಳಿತಿದ್ದು ಆಮ್ಲಜನಕಕ್ಕೆ ಕೈ ಕೊಟ್ಟು ಆಸರೆಯಾಗುತ್ತದೆ, ಹಾಗಾಗಿ ಅಂತರ 200ಕ್ಕೆ ಇಳಿಯುತ್ತದೆ. ಇದು ಇಲ್ಲದಿದ್ದರೆ ನಾವು ಯಾರೂ ಬದುಕುತ್ತಿರಲಿಲ್ಲ. ಹಳೆಯ ಹೀಮ್ ಒಡೆಯುವಾಗ ನಮ್ಮ ದೇಹವೇ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಹುಟ್ಟಿಸುತ್ತದೆ, ಯಾವಾಗಲೂ ನೂರಕ್ಕೆ ಒಂದರಷ್ಟು ಎಲೆ ಅದರ ಕೈಯಲ್ಲಿರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು 5ರಿಂದ 10ರವರೆಗೂ ಹೋಗುತ್ತದೆ.

ಈ ಲೆಕ್ಕಗಳನ್ನು ಮೊದಲು ಮೈಮೇಲೆ ಹಾಕಿಕೊಂಡು ನೋಡಿದವರು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್. 1890ರ ದಶಕದಲ್ಲಿ ಅವರು ತಾವೇ ಆ ಅನಿಲ ಸೇವಿಸಿ, ತಮ್ಮ ರಕ್ತ ಪರೀಕ್ಷಿಸಿ, ತಲೆಸುತ್ತು ಯಾವಾಗ ಬಂತು, ಕಾಲು ಯಾವಾಗ ಸೋತಿತು ಎಂದು ಬರೆದಿಟ್ಟರು. ಕಲ್ಲಿದ್ದಲ ಗಣಿ ಸ್ಫೋಟಗಳಲ್ಲಿ ಹೆಚ್ಚಿನವರು ಸಾಯುವುದು ಬೆಂಕಿಯಿಂದಲ್ಲ, ನಂತರದ ಈ ಅನಿಲದಿಂದ ಎಂದು 1896ರ ವರದಿಯಲ್ಲಿ ತೋರಿಸಿದರು. ಗಣಿಗೆ ಪುಟ್ಟ ಹಕ್ಕಿಯನ್ನು ಪಂಜರದಲ್ಲಿ ಒಯ್ಯುವ ಪದ್ಧತಿ ಅವರ ಸಲಹೆಯಿಂದ ಬಂದದ್ದು, ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಇತ್ತು. ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹೊಗೆ ಇಲ್ಲದ ಕೆಂಡವೇ ಯಾಕೆ ಕೆಟ್ಟದ್ದು

ಹೊಗೆ ಹೋದ ಮೇಲೆ ಕೆಂಡ ಶುದ್ಧವಾಯಿತು, ಇನ್ನು ಒಳಗೆ ತರಬಹುದು ಎಂಬುದು ನಮ್ಮ ಹುಡುಗರ ನಂಬಿಕೆ. ಭಟ್ಟರಿಗೂ ಅದೇ ನಂಬಿಕೆ ಇತ್ತು. ಶೇಗಡಿಯ ತಳದಲ್ಲಿ ಗಾಳಿ ಸಿಗುವ ಕಡೆ ಇದ್ದಿಲು ಉರಿದು ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ನಿಗಿನಿಗಿ ಕೆಂಡದ ನಡುವೆ ಹಾದುಬರುವಾಗ ಇಂಗಾಲದೊಡನೆ ಸೇರಿ ಮಾನಾಕ್ಸೈಡ್ ಆಗಿಬಿಡುತ್ತದೆ. ಕೆಂಡದ ಮೇಲೆ ಸಣ್ಣ ನೀಲಿ ಜ್ವಾಲೆ ಕುಣಿಯುವುದನ್ನು ನೋಡಿರುತ್ತೀರಿ. ಅದು ಈ ಅನಿಲವೇ ಉರಿಯುತ್ತಿರುವುದು. ಬೂದಿ ಮುಚ್ಚಿ ಕೆಂಡ ತಣ್ಣಗಾಗುತ್ತ ಬಂದಾಗ ಆ ಜ್ವಾಲೆ ಆರುತ್ತದೆ, ಅನಿಲ ಉರಿಯದೆ ಹಾಗೇ ಕೋಣೆಗೆ ಬರುತ್ತದೆ. ನಾವು ಮಲಗಲು ಹೋಗುವ ಹೊತ್ತು ಸರಿಯಾಗಿ ಅದೇ.

ಬಕೆಟ್ ನೀರಿನ ವಿಷಯ. ಇದು ಉತ್ತರ ಭಾರತದಲ್ಲೆಲ್ಲ ಇರುವ ನಂಬಿಕೆ. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಬಕೆಟ್ ಅಲ್ಲ, ಹಂಡೆ ಇಟ್ಟರೂ ಉಪಯೋಗವಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿದರೂ ಅಷ್ಟೇ. ಸಿಲಿಂಡರ್ ಗ್ಯಾಸಿನಂತೆ ಇದು ನೆಲದಲ್ಲಿ ತಂಗುವುದೂ ಇಲ್ಲ. ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ಕೋಣೆಯೆಲ್ಲ ಸಮವಾಗಿ ಬೆರೆಯುತ್ತದೆ, ಮಂಚದ ಮೇಲೆ ಮಲಗಿದವನಿಗೂ ಚಾಪೆಯ ಮೇಲಿನವನಿಗೂ ಭೇದವಿಲ್ಲ. ಶೇಗಡಿಯೊಂದೇ ಅಲ್ಲ, ಕಿಟಕಿಯ ಪಕ್ಕದಲ್ಲಿಟ್ಟ ಡೀಸೆಲ್ ಜನರೇಟರ್, ಮುಚ್ಚಿದ ಶೆಡ್ಡಿನಲ್ಲಿ ಹಳದಿಯಾಗಿ ಉರಿಯುವ ಗ್ಯಾಸ್ ಭಟ್ಟಿ, ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಇವೂ ಇದೇ ಅನಿಲ ಬಿಡುತ್ತವೆ.

ಆ 98ರ ಗುಟ್ಟು

ಬೆರಳಿನ ಆಕ್ಸಿಮೀಟರ್ ರಕ್ತದಲ್ಲಿ ಆಮ್ಲಜನಕವನ್ನು ಅಳೆಯುವುದಿಲ್ಲ, ಬಣ್ಣವನ್ನು ಅಳೆಯುತ್ತದೆ. ಒಂದು ಕೆಂಪು ಬೆಳಕು, ಒಂದು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ, ತುಂಬಿದ ಹಿಮೋಗ್ಲೋಬಿನ್ ಎಷ್ಟು, ಖಾಲಿ ಎಷ್ಟು ಎಂದು ಊಹಿಸುತ್ತದೆ. ಆಮ್ಲಜನಕ ಕುಳಿತ ಹಿಮೋಗ್ಲೋಬಿನ್ ಕಡುಗೆಂಪು. ಕಾರ್ಬನ್ ಮಾನಾಕ್ಸೈಡ್ ಕುಳಿತದ್ದೂ ಕಡುಗೆಂಪು. ಎಲೆಯ ಮುಂದೆ ಯಾರೋ ಕುಳಿತಿದ್ದಾರೆ ಎಂದಷ್ಟೇ ಆ ಯಂತ್ರಕ್ಕೆ ಕಾಣುತ್ತದೆ, ಯಾರು ಕುಳಿತಿದ್ದಾರೆ ಎಂದು ಕಾಣುವುದಿಲ್ಲ. ಉಸಿರುಗಟ್ಟಿದವನ ತುಟಿ ನೀಲಿಯಾಗುತ್ತದೆ ಎಂದು ನಾವು ಕಲಿತಿದ್ದೆವು, ಇಲ್ಲಿ ಅದೂ ಆಗುವುದಿಲ್ಲ. ಸರಿಯಾದ ಉತ್ತರ ಬೇಕಾದರೆ ರಕ್ತ ತೆಗೆದು ಹೆಚ್ಚು ಬಗೆಯ ಬೆಳಕು ಬಳಸುವ ಯಂತ್ರದಲ್ಲಿ ನೋಡಬೇಕು. ನಾವು ಮೊದಲು ಹೋದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಆ ಯಂತ್ರ ಇರಲಿಲ್ಲ. ಅಲ್ಲಿಯೂ ಬೆರಳಿಗೆ ಹಾಕಿ ನೋಡಿ, ಊಟದ ದೋಷವಿರಬೇಕು ಎಂದು ಸಲೈನ್ ಹಚ್ಚಿದರು. ಶೇಗಡಿಯ ಮಾತು ನಾವು ಎತ್ತಲಿಲ್ಲ, ಅವರು ಕೇಳಲಿಲ್ಲ. ತಪ್ಪು ನಮ್ಮದೇ ಹೆಚ್ಚು. ಅಲ್ಲಿಯ ವಾರ್ಡ್‌ಬಾಯ್ ಒಬ್ಬ, ಹುಡುಗರ ಬಟ್ಟೆಗೆ ಅಂಟಿದ್ದ ಇದ್ದಿಲ ಮಸಿ ನೋಡಿ "ರಾತ್ರಿ ಕೆಂಡ ಇಟ್ಟಿದ್ರಾ?" ಎಂದು ಕೇಳಿದ ಮೇಲೆ ಎಲ್ಲರಿಗೂ ಹೊಳೆಯಿತು. ದೊಡ್ಡ ಆಸ್ಪತ್ರೆಗೆ ಒಯ್ದು ಪರೀಕ್ಷಿಸಿದಾಗ ಪಾತ್ರೆ ತೊಳೆಯುವ ಹುಡುಗನ ಹಿಮೋಗ್ಲೋಬಿನ್ನಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಇತ್ತು, ಅದೂ ಹೊರಗಿನ ಗಾಳಿಗೆ ಬಂದು ಮೂರು ಗಂಟೆ ಕಳೆದ ಮೇಲೆ.

ಚಿಕಿತ್ಸೆಯೂ ಪಂಕ್ತಿಯ ಲೆಕ್ಕವೇ. ಕುಳಿತವನನ್ನು ಎಬ್ಬಿಸುವ ಔಷಧಿಯನ್ನು ಅವನಿಗೆ ಕೊಡಲಿಲ್ಲ. ಅವನು ಯಾವಾಗಲಾದರೂ ಒಮ್ಮೆ ಏಳುತ್ತಾನಲ್ಲ, ಆಗ ಆ ಎಲೆಗೆ ಆಮ್ಲಜನಕವೇ ಕೂರುವಂತೆ ಬಾಗಿಲಲ್ಲಿ ಸಂದಣಿ ಹೆಚ್ಚಿಸಬೇಕು. ಸಾಧಾರಣ ಗಾಳಿಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಒತ್ತಡದ ಕೋಣೆಯಲ್ಲಿ ಮೂರು ಪಟ್ಟು ವಾಯುಭಾರದಲ್ಲಿ ಕೊಟ್ಟರೆ ಅರ್ಧ ಗಂಟೆಯೊಳಗೆ. ಅಷ್ಟು ಒತ್ತಡದಲ್ಲಿ ಹಿಮೋಗ್ಲೋಬಿನ್ನಿನ ಹಂಗಿಲ್ಲದೆ ರಕ್ತದ ನೀರಿನಲ್ಲೇ ಬೇಕಾದಷ್ಟು ಆಮ್ಲಜನಕ ಕರಗುತ್ತದೆ. ಇದನ್ನೂ ಹಾಲ್ಡೇನ್ 1895ರಲ್ಲೇ ಇಲಿಗಳ ಮೇಲೆ ತೋರಿಸಿದ್ದರು.

ನಾಲ್ವರೂ ಬದುಕಿದರು. ಮೂವರು ಮರುದಿನ ಮನೆಗೆ ಬಂದರು. ಆ ಹುಡುಗ ಐದು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೂ ಎರಡು ವಾರ ಎಣಿಕೆ ತಪ್ಪುತ್ತಿದ್ದ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ. ಗುಣವಾದಂತೆ ಕಂಡ ಮೇಲೆ ಕೆಲವು ದಿನ, ಕೆಲವು ವಾರ ಬಿಟ್ಟು ಮರೆವು, ನಡಿಗೆಯ ತೊಂದರೆ ಬರುವುದುಂಟು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬೀದರ್ ಕಡೆಯಿಂದ ಅವನ ತಾಯಿ ಬಂದಿದ್ದರು. "ಚಳಿಗೆ ಒಂದು ರಗ್ಗು ಕೊಡಲಿಲ್ಲೇನ್ರೀ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಾನೂರು ಕುರ್ಚಿಗೆ ಕವರ್ ಹಾಕಿಸಿದ್ದೆವು.

ಸದಸ್ಯರು ನೆನಪಿಡಬೇಕಾದದ್ದು ಮುಖ್ಯವಾಗಿ ಇದು. ಒಂದೇ ಕೋಣೆಯಲ್ಲಿದ್ದ ಹಲವರಿಗೆ ಒಟ್ಟಿಗೆ ತಲೆನೋವು, ವಾಂತಿ, ತಲೆಸುತ್ತು ಬಂದು, ಜ್ವರವಾಗಲಿ ಭೇದಿಯಾಗಲಿ ಇಲ್ಲದಿದ್ದರೆ, ಹೊರಗೆ ಬಂದ ಮೇಲೆ ಸ್ವಲ್ಪ ಹಗುರ ಎನಿಸಿದರೆ ಅನ್ನವನ್ನು ದೂರುವ ಮೊದಲು ಗಾಳಿಯನ್ನು ಅನುಮಾನಿಸಿ. ಬಾಗಿಲು ಕಿಟಕಿ ತೆರೆದು, ಒಳಗೆ ನಿಲ್ಲದೆ ಎಲ್ಲರನ್ನೂ ಹೊರಗೆಳೆಯಿರಿ. ನಿಂಬೆ ನೀರು, ಮಜ್ಜಿಗೆ ಬೇಡ. 108ಕ್ಕೆ ಫೋನ್ ಮಾಡಿ, ಮುಚ್ಚಿದ ಕೋಣೆಯಲ್ಲಿ ಕೆಂಡವಿತ್ತು ಎಂಬ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿ. ಬೆರಳಿನ ಯಂತ್ರದ ಅಂಕಿಯನ್ನು ನಂಬಿ ಮನೆಗೆ ಕರೆತರಬೇಡಿ. ಬಡಿಸುವ ಹೆಂಗಸರಲ್ಲಿ ಬಸುರಿಯರಿದ್ದರೆ ತಾಯಿಗೆ ಸ್ವಲ್ಪವೇ ತೊಂದರೆ ಕಂಡರೂ ಆಸ್ಪತ್ರೆ ತಪ್ಪಿಸಬೇಡಿ; ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಈ ಅನಿಲ ಹೊರಬೀಳಲು ಇನ್ನೂ ಹೆಚ್ಚು ಕಾಲ ಬೇಕು.

ಕಾರ್ಬನ್ ಮಾನಾಕ್ಸೈಡ್ ಕಂಡರೆ ಕೂಗುವ ಸಣ್ಣ ಬ್ಯಾಟರಿ ಯಂತ್ರಗಳು ಈಗ ಸಿಗುತ್ತವೆ. ನಾವು ಒಂದು ಕೊಂಡು ಪಾತ್ರೆಗಳ ಟೆಂಪೊದಲ್ಲೇ ಇಟ್ಟಿದ್ದೇವೆ, ಮಲಗುವ ಕೋಣೆಗೆ ತೂಗುಹಾಕುವುದು ಸೂಪರ್‌ವೈಸರನ ಕೆಲಸ. ಆದರೆ ಯಂತ್ರ ಇದೆಯೆಂದು ಕೆಂಡ ಒಳಗೆ ತರುವುದಕ್ಕೆ ಅನುಮತಿ ಇಲ್ಲ. ಕೌಂಟರ್ ಮುಗಿದ ಕೂಡಲೇ ಶೇಗಡಿಗೆ ಬಯಲಿನಲ್ಲೇ ನೀರು ಹೊಯ್ದು ಆರಿಸಿ, ಖಾಲಿ ಮಾಡಿದ ಮೇಲೆಯೇ ಟೆಂಪೊಗೆ ಏರಿಸುತ್ತೇವೆ. ಇದ್ದಿಲು ಹಾಳಾಗುತ್ತದೆ ಎಂದು ಭಟ್ಟರು ಮೊದಮೊದಲು ಗೊಣಗಿದರು. ಕೊಟೇಶನ್ನಿನಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ: ಹುಡುಗರ ರಾತ್ರಿ ವಸತಿ, ತಲೆಗೆ ಎರಡು ರಗ್ಗು. ಪಾರ್ಟಿಯವರು ಚೌಕಾಸಿ ಮಾಡುವಾಗ ಮೊದಲು ಕೈಯಿಡುವುದು ಆ ಸಾಲಿಗೇ. ಹೂವಿನ ಅಲಂಕಾರದಲ್ಲಿ ಬೇಕಾದರೆ ಕಡಿಮೆ ಮಾಡಿಕೊಡುತ್ತೇವೆ ಎನ್ನುತ್ತೇವೆ.